ಸಸ್ಯನಾರುಗಳಿಗೆ ಪ್ರತ್ಯೇಕ ಸುಂಕ ಸಂಕೇತ ಬೇಕೇ?

ಗಡಿ ದಾಟುವ ಸರಕನ್ನು ಗುರುತಿಸಲು ಜಗತ್ತಿನ ಬಹುಪಾಲು ದೇಶಗಳು ಬಳಸುವ ‘ಹಾರ್ಮೊನೈಸ್ಡ್ ಸಿಸ್ಟಂ’ ಎಂಬ ವರ್ಗೀಕರಣವು 1988ರಲ್ಲಿ ಜಾರಿಗೆ ಬಂದಿತು. ಅದರ ಮೊದಲ ನಾಲ್ಕು ಅಂಕಿಗಳನ್ನು ಶೀರ್ಷಿಕೆಯೆಂದೂ ಆರು ಅಂಕಿಗಳನ್ನು ಉಪಶೀರ್ಷಿಕೆಯೆಂದೂ ಕರೆಯುತ್ತಾರೆ. ಹತ್ತಿಗೆ 52ನೆಯ ಅಧ್ಯಾಯವೂ ಉಳಿದ ಸಸ್ಯನಾರುಗಳಿಗೆ 53ನೆಯ ಅಧ್ಯಾಯವೂ ಮೀಸಲಾಗಿವೆ. ಕತ್ತಾಳೆ ಜಾತಿಯ ಸಿಸಲ್ ನಾರಿಗೆ 5304 ಎಂಬ ಸ್ವಂತ ಶೀರ್ಷಿಕೆಯಿತ್ತು. ತೆಂಗಿನ ನಾರು ಮತ್ತು ಫಿಲಿಪ್ಪೀನ್ಸ್‌ನ ಅಬಾಕಾ 5305ರೊಳಗೆ ಬೇರೆ ಬೇರೆಯಾಗಿ ನಮೂದಾಗಿದ್ದವು. 2007ರ ಪರಿಷ್ಕರಣೆಯಲ್ಲಿ ಇವೆಲ್ಲವೂ 5305.00 ಎಂಬ ಒಂದೇ ಸಂಕೇತದಲ್ಲಿ ಸೇರಿಹೋದವು. ಇವುಗಳನ್ನು ಮತ್ತೆ ಬಿಡಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಹೆಸರಿಲ್ಲದ ಸರಕಿಗೆ ಲೆಕ್ಕವೂ ಇರುವುದಿಲ್ಲ. ತೆಂಗಿನ ನಾರನ್ನು ಹುರಿ ಮಾಡಿದರೆ 5308.10 ಎಂಬ ಪ್ರತ್ಯೇಕ ಸಂಕೇತ, ನೆಲಹಾಸಾಗಿ ನೇಯ್ದರೆ 5702.20 ಎಂಬ ಇನ್ನೊಂದು ಸಂಕೇತ ಸಿಗುತ್ತದೆ. ಆದರೆ ತಿಪಟೂರು, ಅರಸೀಕೆರೆಗಳಂತಹ ಊರುಗಳಲ್ಲಿ ಸಿಪ್ಪೆಯಿಂದ ಬಿಡಿಸಿದ ಕಚ್ಚಾ ನಾರು ಮಾತ್ರ ಬಾಳೆ ನಾರು, ಅಬಾಕಾ, ಸಿಸಲ್‌ಗಳೊಡನೆ ಬೆರೆತು, ಯಾವ ದೇಶ ಯಾವ ನಾರನ್ನು ಎಷ್ಟು ಕೊಂಡಿತೆಂಬುದು ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿ ಕಾಣದಾಗುತ್ತದೆ. ವ್ಯಾಪಾರ ಒಪ್ಪಂದದ ಮಾತುಕತೆಯಲ್ಲಿ ತೆಂಗಿನ ನಾರಿಗಷ್ಟೇ ರಿಯಾಯಿತಿ ಕೇಳಬೇಕಾದಾಗ, ಎರಡೂ ಕಡೆಯವರು ಒಪ್ಪುವ ಆರಂಕಿಯ ಸಂಕೇತವೇ ಇಲ್ಲದಿರುವುದು ಬೆಳೆಗಾರನಿಗೂ ರಫ್ತುದಾರನಿಗೂ ನೇರ ನಷ್ಟ. ವಿಶ್ವಸಂಸ್ಥೆಯೇ 2009ನ್ನು ನೈಸರ್ಗಿಕ ನಾರುಗಳ ವರ್ಷವೆಂದು ಆಚರಿಸಿರುವಾಗ, ಅವುಗಳ ವ್ಯಾಪಾರವನ್ನು ಅಳೆಯುವ ಸಾಧನವನ್ನೇ ಕೈಬಿಟ್ಟಿರುವುದು ಸಮರ್ಥನೀಯವಲ್ಲ.

ವಿರೋಧ

ವರ್ಗೀಕರಣವು ಸರಕುಗಳ ಮಹತ್ವವನ್ನು ಸಾರುವ ಪಟ್ಟಿಯಲ್ಲ, ಬಂದರಿನಲ್ಲಿ ದಿನನಿತ್ಯ ನಡೆಯುವ ಕೆಲಸದ ಉಪಕರಣ. ಜಾಗತಿಕ ವಾರ್ಷಿಕ ವ್ಯಾಪಾರವು ಶೀರ್ಷಿಕೆಗೆ 10 ಕೋಟಿ ಡಾಲರ್, ಉಪಶೀರ್ಷಿಕೆಗೆ 5 ಕೋಟಿ ಡಾಲರ್‌ಗಿಂತ ಕಡಿಮೆಯಾದರೆ ಅದನ್ನು ತೆಗೆಯುವ ಬಗ್ಗೆ ಪರಿಶೀಲಿಸುವ ರೂಢಿಯಿರುವುದು, ಪಟ್ಟಿ ಮಿತಿಮೀರಿ ಬೆಳೆಯದಿರಲೆಂದೇ. ಸಂಕೇತಗಳು ಹೆಚ್ಚಿದಷ್ಟೂ ಗಡಿರೇಖೆಗಳು ಹೆಚ್ಚುತ್ತವೆ, ಗಡಿರೇಖೆಗಳು ಹೆಚ್ಚಿದಷ್ಟೂ ವ್ಯಾಜ್ಯಗಳು ಹೆಚ್ಚುತ್ತವೆ. ಅಬಾಕಾ ಮತ್ತು ಬಾಳೆ ಎರಡೂ ಮ್ಯೂಸಾ ಕುಲದ ಗಿಡಗಳೇ ಆಗಿದ್ದು, ಎರಡರ ನಾರೂ ದಿಂಡಿನ ಪಟ್ಟೆಗಳಿಂದಲೇ ಬರುವುದರಿಂದ, ಕಟ್ಟಿಟ್ಟ ಬೇಲನ್ನು ಬಿಚ್ಚಿ ನೋಡಿದ ಮಾತ್ರಕ್ಕೆ ಅಧಿಕಾರಿ ಅವುಗಳನ್ನು ಖಚಿತವಾಗಿ ಬೇರ್ಪಡಿಸಲಾರ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ತಡವಾಗುವುದು ಸಣ್ಣ ರಫ್ತುದಾರನ ಸರಕೇ. ಮೇಲಾಗಿ, ಆರು ಅಂಕಿಗಳ ನಂತರ ತನ್ನದೇ ಅಂಕಿಗಳನ್ನು ಸೇರಿಸುವ ಅಧಿಕಾರ ಪ್ರತಿ ದೇಶಕ್ಕೂ ಉಂಟು. ಭಾರತ ಎಂಟು ಅಂಕಿಗಳನ್ನು ಬಳಸುತ್ತಿದೆ. ನಾರು ಬೆಳೆಯುವ ಮತ್ತು ಕೊಳ್ಳುವ ದೇಶಗಳು ಮೊದಲು ಅಲ್ಲಿ ಸಮಾನ ವಿಭಜನೆಗೆ ಒಪ್ಪಿ, ಸಾಕಷ್ಟು ವ್ಯಾಪಾರವಿದೆಯೆಂದು ಲೆಕ್ಕದಿಂದ ತೋರಿಸಿದರೆ, ಜಾಗತಿಕ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಕೇಳುವ ಹಕ್ಕು ಅವುಗಳಿಗೆ ಆಧಾರಸಹಿತವಾಗಿ ದೊರೆಯುತ್ತದೆ.