‘ಕೊನೆಯ ಹಾಡು’ ಎಂಬ ಸುಳ್ಳು

ಅಮೆರಿಕದ ರಾಕ್ ಹಾಡುಗಾರ ಕರ್ಟ್ ಕೊಬೇನ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಇನ್ನಾದರೂ ಒಂದು ಚಾಳಿ ಬಿಡಬೇಕು. ಏಪ್ರಿಲ್ ಬಂತೆಂದರೆ ‘ಯು ನೋ ಯು ಆರ್ ರೈಟ್’ ಹಾಡನ್ನು ಎತ್ತಿಕೊಂಡು, ಅದೇ ಅವನ ಮರಣಪತ್ರವೆಂದು ಪುಟ ತುಂಬಿಸುತ್ತಾರೆ. ಈ ಸಲ ನಮ್ಮ ಸಹಯಾತ್ರಿ ಮಾಸಿಕವೊಂದು ಇನ್ನೂ ಮುಂದೆ ಹೋಗಿ, ಸಾಯುವುದಕ್ಕೆ ಕೆಲವೇ ದಿನ ಮೊದಲು ಒಬ್ಬನೇ ಕೂತು ಬರೆದ ಹಾಡದು ಎಂದು ಅಚ್ಚು ಹಾಕಿದೆ. ಲೇಖನದ ಭಾಷೆ ಚೆನ್ನಾಗಿದೆ. ಬುಡವೇ ಸುಳ್ಳು.

1993ರ ಅಕ್ಟೋಬರ್ 23ರಂದು ಕೊಬೇನ್‌ನ ನಿರ್ವಾಣ ತಂಡ ಶಿಕಾಗೋದ ಅರಗಾನ್ ಬಾಲ್‌ರೂಮಿನಲ್ಲಿ ಈ ಹಾಡನ್ನು ಹಾಡಿತ್ತು. ಕೊಬೇನ್ ತೀರಿಕೊಂಡದ್ದು 1994ರ ಏಪ್ರಿಲ್ ಮೊದಲ ವಾರದಲ್ಲಿ. ನಡುವೆ ಐದು ತಿಂಗಳಿಗೂ ಮಿಗಿಲಾದ ಕಾಲವಿದೆ. ತಂಡದ ‘ಇನ್ ಯೂಟರೊ’ ಆಲ್ಬಂ ಹೊರಬಂದು ಆಗಿನ್ನೂ ಒಂದು ತಿಂಗಳು. ಅಮೆರಿಕ ಪ್ರವಾಸ ಫೀನಿಕ್ಸ್‌ನಲ್ಲಿ ಅಕ್ಟೋಬರ್ 18ರಂದು ಶುರುವಾಗಿ ವಾರವೂ ತುಂಬಿರಲಿಲ್ಲ. ಇಡೀ ತಂಡ ಕೂಡಿ ವೇದಿಕೆಯ ಮೇಲೆ ನುಡಿಸುವ ಹದಕ್ಕೆ ಬಂದಿತ್ತೆಂದರೆ ಹಾಡು ಅದಕ್ಕೂ ಮೊದಲೇ ಹುಟ್ಟಿರಲೇಬೇಕು. ಶಿಕಾಗೋದ ಆ ಹಾಡಿಕೆಗೆ ಸಾಕ್ಷಿ ಸಭಿಕರ ನಡುವೆ ನಿಂತು ಯಾರೋ ಹಿಡಿದುಕೊಂಡ ಟೇಪು. ಗದ್ದಲದಲ್ಲಿ ಮಾತು ಅರ್ಧಂಬರ್ಧ ಕೇಳಿಸುತ್ತದೆ. ಕೇಳಿಸಿದಷ್ಟೂ, ಮುಂದೆ ಸ್ಟುಡಿಯೋದಲ್ಲಿ ಹಾಡಿದ ಸಾಹಿತ್ಯಕ್ಕಿಂತ ಬೇರೆ. ಇಂಥ ಟೇಪುಗಳನ್ನು ಕಳ್ಳ ಧ್ವನಿಮುದ್ರಣವೆಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಆ ಟೇಪು ಇಲ್ಲದಿದ್ದರೆ ಇವತ್ತು ಇವರ ಕಟ್ಟುಕತೆಯೇ ಚರಿತ್ರೆಯಾಗಿಬಿಡುತ್ತಿತ್ತು. ಅದನ್ನು ಕಾಪಾಡಿಕೊಂಡು ಬಂದ ಅಭಿಮಾನಿಗಳಿಗೆ ನಾನು ಋಣಿ.

ಸ್ಟುಡಿಯೋದ ಲೆಕ್ಕವೂ ಇದನ್ನೇ ಹೇಳುತ್ತದೆ. 1994ರ ಜನವರಿ ಕೊನೆಯಲ್ಲಿ ಸಿಯಾಟಲ್‌ನ ಉತ್ತರಕ್ಕಿರುವ ರಾಬರ್ಟ್ ಲ್ಯಾಂಗ್ ಸ್ಟುಡಿಯೋವನ್ನು ಮೂರು ದಿನಕ್ಕೆ ಗೊತ್ತು ಮಾಡಲಾಗಿತ್ತು. ಮೊದಲೆರಡು ದಿನ ಕೊಬೇನ್ ಬರಲೇ ಇಲ್ಲ. ತಂಡದ ಸಂಗಡಿಗರಾದ ಕ್ರಿಸ್ಟ್ ನೊವೊಸೆಲಿಕ್ ಮತ್ತು ಡೇವ್ ಗ್ರೋಲ್ ತಮ್ಮ ಪಾಡಿಗೆ ತಾವು ಏನೇನೋ ನುಡಿಸಿಕೊಂಡರು. ಮೂರನೆಯ ದಿನ, 30ರಂದು, ಅವನು ಬಂದ. ಆಡಂ ಕ್ಯಾಸ್ಪರ್ ಈ ಹಾಡಿನ ಧ್ವನಿಮುದ್ರಣ ಮಾಡಿಕೊಂಡರು. ಆ ಮುದ್ರಣದಲ್ಲಿ ಪಲ್ಲವಿಯ ಒಂದೇ ಒಂದು ಪದವನ್ನು ಕೊಬೇನ್ ಗಂಟಲು ಹರಿಯುವವರೆಗೆ ಎಳೆಯುತ್ತಾನೆ. ಚರಣಕ್ಕೆ ಬಂದಾಗ ಗೊಣಗುವಷ್ಟು ದನಿ ತಗ್ಗಿಸುತ್ತಾನೆ. ಈ ಏರಿಳಿತ ಒಂದು ರಾತ್ರಿಯ ಹತಾಶೆಯಲ್ಲಿ ಒದಗಿ ಬಂದದ್ದಲ್ಲ. ಶಿಕಾಗೋದಿಂದ ಸಿಯಾಟಲ್ಲಿಗೆ ಬರುವಷ್ಟರಲ್ಲಿ ಮೂರು ತಿಂಗಳು ಕಳೆದಿದ್ದವು, ಸಾಹಿತ್ಯ ಬದಲಾಗಿತ್ತು. ಒಬ್ಬ ಹಾಡುಗಾರ ತನ್ನ ಹಾಡನ್ನು ತಿದ್ದುತ್ತಿದ್ದ. ಮರಣಪತ್ರವೆನ್ನುವವರು ಅಳಿಸಿಹಾಕುವುದು ಈ ದುಡಿಮೆಯನ್ನೇ, ಮತ್ತು ನನಗೆ ಸಿಟ್ಟು ಬರುವುದು ಇದಕ್ಕೇ.

ತಪ್ಪು ಎಲ್ಲಿಂದ ಬಂತೆಂಬುದು ಸ್ಪಷ್ಟವಾಗಿದೆ. ಹಾಡು ಅಧಿಕೃತವಾಗಿ ಬಿಡುಗಡೆಯಾದದ್ದು 2002ರ ಅಕ್ಟೋಬರಿನಲ್ಲಿ, ಅವನು ತೀರಿಕೊಂಡು ಎಂಟು ವರ್ಷ ದಾಟಿದ ಮೇಲೆ. ಬಹಳ ಜನರ ಕಿವಿಗೆ ಅದು ಗೋರಿಯಿಂದ ಬಂದ ದನಿಯಾಗಿ ಕೇಳಿಸಿತು. ಆದರೆ ಹಾಡು ಪೆಟ್ಟಿಗೆಯಲ್ಲೇ ಉಳಿದದ್ದಕ್ಕೆ ದೊಡ್ಡ ಕಾರಣ ಕೋರ್ಟು. ಪತ್ನಿ ಕೋರ್ಟ್ನಿ ಲವ್ ಒಂದು ಕಡೆ, ನೊವೊಸೆಲಿಕ್ ಮತ್ತು ಗ್ರೋಲ್ ಇನ್ನೊಂದು ಕಡೆ ನಿಂತು 2001ರಿಂದ ವ್ಯಾಜ್ಯ ನಡೆಸಿದರು. ರಾಜಿಯಾದ ಮೇಲೆ ಹಾಡು ಹೊರಬಂತು. ಅದಕ್ಕೂ ಮೊದಲೇ, 1995ರ ಫೆಬ್ರವರಿಯಲ್ಲಿ, ಲವ್ ಅವರ ಹೋಲ್ ತಂಡ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮದಲ್ಲಿ ಅದನ್ನು ಬೇರೆ ಹೆಸರಿನಿಂದ ಹಾಡಿತ್ತು. ವಕೀಲರ ಕಡತದಿಂದಾದ ವಿಳಂಬಕ್ಕೆ ಸಾವಿನ ಬಣ್ಣ ಬಳಿಯುವುದು ವಿಮರ್ಶೆಯಲ್ಲ.

‘ಹಾಡಿನಲ್ಲಿ ನೋವಿಲ್ಲವೇ?’ ಎಂದು ಆ ಲೇಖಕರು ಕೇಳಬಹುದು. ಇದೆ. 1993ರ ಫೆಬ್ರವರಿಯಲ್ಲಿ ಧ್ವನಿಮುದ್ರಣವಾದ ‘ಇನ್ ಯೂಟರೊ’ದಲ್ಲೂ ಇದೆ. ಅವನು ವರ್ಷಗಟ್ಟಲೆ ನೋವಿನಿಂದಲೇ ಹಾಡು ಕಟ್ಟಿದವನು. ದಿನಾಂಕ ಸರಿಪಡಿಸಿದರೆ ಆ ನೋವು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಬರೀ ಅಂತ್ಯವೊಂದನ್ನೇ ಹಿಡಿದು ಇಡೀ ಬಾಳನ್ನು ಓದುವ ಸೋಮಾರಿತನಕ್ಕೆ ಮಾತ್ರ ಎಡೆ ಸಿಗುವುದಿಲ್ಲ.

ಕಾಲನಿರ್ಣಯ ನಮಗೇನು ಹೊಸ ವಿದ್ಯೆಯೇ? ಕವಿಗಳ ಕಾಲ ನಿಶ್ಚಯಿಸಲು ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕೂತು ಎಷ್ಟು ದುಡಿದರು! ಕುವೆಂಪು ಅವರ ಅನೇಕ ಕವಿತೆಗಳ ಕೆಳಗೆ ದಿನಾಂಕವಿದೆ. ಇಷ್ಟೆಲ್ಲ ಇದ್ದೂ ನಮ್ಮ ಸ್ಮರಣ ಸಂಚಿಕೆಗಳು ಕವಿ ತೀರಿಕೊಂಡ ವಾರದಲ್ಲೇ ‘ಕೊನೆಯ ಕವಿತೆ’ ಎಂದು ಯಾವುದೋ ಹಳೆಯ ಹಾಳೆಯನ್ನು ಅಚ್ಚು ಹಾಕುತ್ತವೆ. ಹತ್ತು ವರ್ಷ ಹಿಂದೆ ಬರೆದು, ಇಷ್ಟವಾಗದೆ ಕವಿಯೇ ಎತ್ತಿಟ್ಟ ಸಾಲುಗಳು ಅವನ ಅಂತಿಮ ದರ್ಶನವಾಗಿಬಿಡುತ್ತವೆ. ಪಿಎಚ್‌ಡಿ ಪ್ರಬಂಧಗಳು ಅದನ್ನೇ ಉದ್ಧರಿಸುತ್ತವೆ. ಸಮಗ್ರ ಸಂಪುಟ ತರುವವರು ಹಾಳೆಯ ಮೂಲೆಯಲ್ಲಿದ್ದ ತಾರೀಖನ್ನು ಕಿತ್ತುಹಾಕಿದ ಮೇಲೆ ತಿದ್ದುವ ದಾರಿಯೂ ಮುಚ್ಚಿಹೋಗುತ್ತದೆ.

ಈ ಸಂಚಿಕೆಯ ವಿಶೇಷ ವಿಭಾಗ ‘ಅಪ್ರಕಟಿತ’. ಮುಂದೆಯೂ ಇಂಥ ಬರಹ ಕಳಿಸುವ ಕುಟುಂಬದವರಲ್ಲಿ, ಗೆಳೆಯರಲ್ಲಿ ಕೋರಿಕೆ: ಬೆರಳಚ್ಚು ಮಾಡಿಸಿದ ಪ್ರತಿಯ ಜೊತೆಗೆ ಮೂಲ ಹಾಳೆಯ ಎರಡೂ ಬದಿಯ ನಕಲು ಇರಲಿ, ಹೊಡೆದುಹಾಕಿದ ಸಾಲು, ತಾರೀಖು, ಲಕೋಟೆಯ ಮೇಲಿನ ಅಂಚೆ ಮುದ್ರೆ ಯಾವುದನ್ನೂ ಬಿಡಬೇಡಿ. ಅವು ಇಲ್ಲದೆ ಬಂದ ಬರಹವನ್ನು ನಾವು ಪ್ರಕಟಿಸಬಹುದು. ‘ಕೊನೆಯದು’ ಎಂಬ ತಲೆಬರಹವನ್ನು ಮಾತ್ರ ಕೊಡುವುದಿಲ್ಲ.