ಬದನೆಯ ಬೀಜ ಮತ್ತು ಬಾಕಿ ಉಳಿದ ಪ್ರಶ್ನೆ

ಕನ್ನಡ ಸಾಹಿತ್ಯವು ಅಡುಗೆಯನ್ನೂ ಕೃಷಿಯನ್ನೂ ಶಾಸ್ತ್ರವೆಂದೇ ಗೌರವಿಸಿದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸೂಪಶಾಸ್ತ್ರಕ್ಕೂ ಸ್ಥಾನವಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ವು ಬದನೆಯಿಂದ ಮಾಡುವ ಬಗೆಬಗೆಯ ಅಡುಗೆಗಳನ್ನು ವಿವರಿಸುತ್ತದೆ. ವೃಕ್ಷಾಯುರ್ವೇದ ಪರಂಪರೆಯ ಗ್ರಂಥಗಳಲ್ಲಿ ಹೂವಿನ ಬಣ್ಣವನ್ನು, ಹಣ್ಣಿನ ಗುಣವನ್ನು ಬದಲಿಸುವ ಉಪಾಯಗಳೂ ಬರುತ್ತವೆ. ಆ ಉಪಾಯಗಳು ಫಲಿಸುತ್ತಿದ್ದವೇ ಎಂಬುದು ಬೇರೆ ಮಾತು. ಸಸ್ಯವನ್ನು ತನ್ನ ಇಚ್ಛೆಗೆ ಒಗ್ಗಿಸಿಕೊಳ್ಳುವ ಮನುಷ್ಯನ ಹಂಬಲ ಇಂದು ನಿನ್ನೆಯದಲ್ಲ ಎಂಬುದಕ್ಕಂತೂ ಅವು ಸಾಕ್ಷಿ. ಆದುದರಿಂದ ಕುಲಾಂತರಿ ಆಹಾರದ ಚರ್ಚೆಯನ್ನು ‘ಪ್ರಕೃತಿಗೆ ಕೈ ಹಚ್ಚಬಾರದು’ ಎಂಬ ಒಂದೇ ವಾಕ್ಯದಿಂದ ಮುಗಿಸಲು ಬಾರದು. ಕೈ ಹಚ್ಚಿದವರು ಯಾರು, ಅದನ್ನು ಪರೀಕ್ಷಿಸಿದವರು ಯಾರು, ಉಣ್ಣುವವನಿಗೆ ಅದರ ಸುದ್ದಿ ತಿಳಿದಿದೆಯೇ ಎಂಬಲ್ಲಿಂದ ವಿಚಾರ ಮೊದಲಾಗಬೇಕು.

‘ಕುಲಾಂತರಿ’ ಎಂಬ ಪದವೇ ಗಮನಾರ್ಹವಾದುದು. ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಮಾತು ‘ಮಾರ್ಪಡಿಸಿದ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕನ್ನಡದ ಪದವು ಕುಲದ ಗಡಿ ದಾಟಿದ ಸಂಗತಿಯನ್ನು ಎತ್ತಿ ಹೇಳುತ್ತದೆ. ಆ ದಾಟುವಿಕೆ ನಿಜವೇ. ಬಿಟಿ ಬದನೆಯಲ್ಲಿ ಸೇರಿಸಿದ್ದು ಮತ್ತೊಂದು ಬದನೆಯ ಗುಣವನ್ನಲ್ಲ. ಮಣ್ಣಿನಲ್ಲಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಕ್ರೈ1ಎಸಿ ವಂಶವಾಹಿಯನ್ನು. ಅದರ ಬಲದಿಂದ ಗಿಡವೇ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಕಾಯಿ ಮತ್ತು ಕುಡಿ ಕೊರೆಯುವ ಹುಳು ಗಿಡವನ್ನು ತಿಂದಾಗ ಆ ಪ್ರೋಟೀನು ಅದರ ಕ್ಷಾರಗುಣದ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ಅಂಟಿಕೊಂಡು ಹುಳುವನ್ನು ಕೊಲ್ಲುತ್ತದೆ. ಮನುಷ್ಯನ ಜಠರ ಆಮ್ಲಗುಣದ್ದು, ಆ ಪ್ರೋಟೀನು ಅಂಟಿಕೊಳ್ಳುವ ನೆಲೆಯೂ ಅವನ ಕರುಳಿನಲ್ಲಿಲ್ಲ. ಆದ್ದರಿಂದ ಅಪಾಯವಿಲ್ಲ ಎಂಬುದು ಪ್ರತಿಪಾದಕರ ವಾದ. ಈ ಹುಳುವಿನ ಕಾಟಕ್ಕೆ ರೈತರು ಪದೇಪದೇ ಕೀಟನಾಶಕ ಸಿಂಪಡಿಸುತ್ತಾರೆ, ಆ ವಿಷದ ಉಳಿಕೆ ತಿನ್ನುವವರ ತಟ್ಟೆಗೂ ಬರುತ್ತದೆ ಎಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ಸುರಕ್ಷತೆಯ ಬಗೆಗೆ ಎರಡು ಹಳೆಯ ಪ್ರಸಂಗಗಳು ಹೆಚ್ಚಿನ ಬೆಳಕು ಚೆಲ್ಲುತ್ತವೆ. ಸೋಯಾದ ಪೌಷ್ಟಿಕತೆಯನ್ನು ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಕಾಯಿಯ ವಂಶವಾಹಿಯೊಂದನ್ನು ಅದಕ್ಕೆ ಸೇರಿಸಲಾಗಿತ್ತು. ಆ ಕಾಯಿಯ ಅಲರ್ಜಿಕಾರಕ ಗುಣವೂ ಜೊತೆಯಲ್ಲೇ ಸೋಯಾಕ್ಕೆ ಬಂದಿದೆಯೆಂಬುದು ಪರೀಕ್ಷೆಯಲ್ಲಿ ತಿಳಿದು, 1996ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ಸೋಯಾ ಮಾರುಕಟ್ಟೆಗೆ ಬರಲಿಲ್ಲ. 2000ದಲ್ಲಿ ಅಮೆರಿಕದಲ್ಲಿ, ಪಶು ಆಹಾರಕ್ಕೆಂದು ಮಾತ್ರ ಅನುಮತಿ ಪಡೆದಿದ್ದ ಸ್ಟಾರ್‌ಲಿಂಕ್ ಮೆಕ್ಕೆಜೋಳವು ಮನುಷ್ಯರು ತಿನ್ನುವ ತಿನಿಸುಗಳಲ್ಲಿ ಕಂಡುಬಂದು, ಅವುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಮೊದಲನೆಯ ಪ್ರಸಂಗದಲ್ಲಿ ಪರೀಕ್ಷೆ ಕೆಲಸ ಮಾಡಿತು. ಎರಡನೆಯದರಲ್ಲಿ ಕಾವಲು ಸೋತಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಪ್ರಕಟಿಸಿದ ವರದಿಯು ಮಾರುಕಟ್ಟೆಯಲ್ಲಿರುವ ಕುಲಾಂತರಿ ಬೆಳೆಗಳ ಆಹಾರವು ಸಾಮಾನ್ಯ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಪುರಾವೆ ದೊರೆತಿಲ್ಲವೆಂದು ಹೇಳಿತು. ಹೊಸ ತಳಿಯನ್ನು ಅದು ಹುಟ್ಟಿದ ವಿಧಾನದಿಂದಲ್ಲ, ಅದರ ಗುಣಗಳಿಂದ ಅಳೆಯಬೇಕೆಂದೂ ಸೂಚಿಸಿತು. ಇವುಗಳಿಂದ ಹೊರಡುವ ತೀರ್ಮಾನ ಒಂದೇ: ತಂತ್ರಜ್ಞಾನವೇ ವಿಷವಲ್ಲ, ಅಮೃತವೂ ಅಲ್ಲ, ಪ್ರತಿಯೊಂದು ತಳಿಯೂ ತನ್ನ ಪರೀಕ್ಷೆಯನ್ನು ತಾನೇ ಎದುರಿಸಬೇಕು.

ಭಾರತದಲ್ಲಿ ಆ ಪರೀಕ್ಷೆ ಹೇಗೆ ನಡೆಯಿತು? 2009ರ ಅಕ್ಟೋಬರ್ 14ರಂದು ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿಯು ಮಹೈಕೊ ಸಂಸ್ಥೆಯ ಬಿಟಿ ಬದನೆಗೆ ಒಪ್ಪಿಗೆ ನೀಡಿತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಕೂಡಲೇ ಸಹಿ ಹಾಕದೆ, 2010ರ ಜನವರಿ ಮತ್ತು ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ ನಡೆಯಿತು. ಫೆಬ್ರವರಿ 9ರಂದು ಅವರು ತಡೆಯಾಜ್ಞೆ ಪ್ರಕಟಿಸಿದರು. ಅವಸರವೇನೂ ಇಲ್ಲ, ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ, ರಾಜ್ಯ ಸರ್ಕಾರಗಳು ಒಪ್ಪುತ್ತಿಲ್ಲ, ಸ್ವತಂತ್ರ ಅಧ್ಯಯನಗಳು ನಡೆದು ಜನರಿಗೆ ವಿಶ್ವಾಸ ಬರುವವರೆಗೆ ಕಾಯಬೇಕು ಎಂಬುದು ಆ ಆದೇಶದ ಸಾರ. ಅದೇ ವರ್ಷ ಸಮಿತಿಯ ಹೆಸರಿನಲ್ಲಿದ್ದ ‘ಅನುಮೋದನೆ’ ಎಂಬ ಮಾತು ಹೋಗಿ ‘ಮೌಲ್ಯಮಾಪನ’ ಎಂದಾಯಿತು. ಅನುಮೋದಿಸುವುದಕ್ಕೂ ಮೌಲ್ಯ ಅಳೆಯುವುದಕ್ಕೂ ಇರುವ ಅಂತರವನ್ನು ಭಾಷೆಯ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಅಂತರವೇ ವಿವಾದದ ತಿರುಳಾಗಿತ್ತು. ಸುರಕ್ಷತೆಯ ದತ್ತಾಂಶದ ಬಹುಪಾಲನ್ನು ಒದಗಿಸಿದ್ದು ಬೀಜ ಮಾರಲಿರುವ ಸಂಸ್ಥೆಯೇ. ಇಲಿಗಳ ಮೇಲಿನ ಆಹಾರ ಪರೀಕ್ಷೆ ನಡೆದದ್ದು 90 ದಿನ. ಜನರು ಬದನೆ ತಿನ್ನುವುದು ಬದುಕಿನುದ್ದಕ್ಕೂ. ಆ ದತ್ತಾಂಶ ಪೂರ್ಣವಾಗಿ ಹೊರಬರಲು ಮಾಹಿತಿ ಹಕ್ಕಿನ ಹೋರಾಟ ಬೇಕಾಯಿತು. ತನ್ನ ಕೃತಿಗೆ ತಾನೇ ವಿಮರ್ಶೆ ಬರೆದುಕೊಂಡವನ ಮಾತನ್ನು ಸಾಹಿತ್ಯಲೋಕ ಪ್ರಮಾಣವೆಂದು ಒಪ್ಪುವುದಿಲ್ಲ. ತಟ್ಟೆಯ ಅನ್ನದ ವಿಷಯದಲ್ಲಿ ಒಪ್ಪಬೇಕಾದ ಕಾರಣವಿಲ್ಲ. ಹಾಗೆಂದು ವಿರೋಧದ ಪಾಳೆಯವೂ ನಿರ್ದೋಷಿಯಲ್ಲ. ಪುರಾವೆಯಿಲ್ಲದೆ ರೋಗಗಳ ಪಟ್ಟಿ ಓದಿ ಹೆದರಿಸುವ ಭಾಷಣಗಳು, ಸರಿಯಾದ ಪ್ರಶ್ನೆ ಕೇಳುತ್ತಿದ್ದವರ ಮಾತಿನ ತೂಕವನ್ನೂ ಇಳಿಸಿದವು. ಉತ್ಪ್ರೇಕ್ಷೆ ಕಾವ್ಯಕ್ಕೆ ಅಲಂಕಾರವಾಗಬಹುದು. ಪ್ರಮಾಣ ಬೇಕಾದ ಕಡೆ ಅದು ದೋಷವೇ.

ಕರ್ನಾಟಕಕ್ಕೆ ಈ ಕಥೆಯಲ್ಲಿ ಪ್ರೇಕ್ಷಕನ ಪಾತ್ರವಷ್ಟೇ ಇರಲಿಲ್ಲ. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಮಹೈಕೊ ಜೊತೆಗೂಡಿ ಮಂಜರಿ ಗೋಟಾ, ಕುಡಚಿ, ಉಡುಪಿ ಮೊದಲಾದ ಸ್ಥಳೀಯ ಬದನೆಗಳಿಗೆ ಬಿಟಿ ವಂಶವಾಹಿ ಸೇರಿಸುವ ಕೆಲಸ ಕೈಗೊಂಡಿತ್ತು. ಉಡುಪಿಯದೆಂದರೆ ಮಟ್ಟುಗುಳ್ಳ. ಕಟಪಾಡಿಯ ಸಮೀಪದ ಮಟ್ಟು ಗ್ರಾಮಕ್ಕೆ ಸೋದೆ ಮಠದ ವಾದಿರಾಜರು ಬೀಜ ಕೊಟ್ಟರೆಂಬ ಐತಿಹ್ಯವನ್ನು ಆ ಊರು ಇಂದಿಗೂ ಹೇಳುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪೂರ್ವಾನುಮತಿ ಪಡೆಯದೆ ಈ ತಳಿಗಳನ್ನು ಬಳಸಲಾಗಿದೆಯೆಂಬ ದೂರು 2010ರಲ್ಲಿ ಬೆಂಗಳೂರಿನಿಂದಲೇ ಹೊರಟಿತು. ಮರುವರ್ಷ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು. 2023ರ ತಿದ್ದುಪಡಿಯಲ್ಲಿ ಆ ಕಾಯ್ದೆಯ ಉಲ್ಲಂಘನೆಗಳು ಕ್ರಿಮಿನಲ್ ಅಪರಾಧಗಳಾಗಿ ಉಳಿಯಲಿಲ್ಲ, ದಂಡಕ್ಕೆ ಸೀಮಿತವಾದವು. ಆಹಾರದ ಸುರಕ್ಷತೆಯೆಂದರೆ ಹೊಟ್ಟೆಯ ಸುರಕ್ಷತೆಯಷ್ಟೇ ಅಲ್ಲ. ಬದನೆಯ ವೈವಿಧ್ಯದ ತವರಾದ ದೇಶದಲ್ಲಿ ಬೀಜದ ಒಡೆತನದ ಸುರಕ್ಷತೆಯೂ ಹೌದು. ಪರಾಗವನ್ನು ಹೊತ್ತೊಯ್ಯುವ ಜೇನ್ನೊಣಕ್ಕೆ ಹೊಲದ ಬೇಲಿ ಕಾಣುವುದಿಲ್ಲ.

ಆದರೆ ತಡೆಯಾಜ್ಞೆಯ ಅನಂತರದ ಒಂದೂವರೆ ದಶಕ ಏನು ಮಾಡಿತು ಎಂಬುದನ್ನೂ ಕೇಳಬೇಕು. ತಡೆಯ ಉದ್ದೇಶ ಕಾಲವನ್ನು ಪರೀಕ್ಷೆಗೆ ಬಳಸುವುದಾಗಿತ್ತು. ಸ್ವತಂತ್ರವಾದ, ದೀರ್ಘಾವಧಿಯ ಅಧ್ಯಯನದ ಬಲದಿಂದ ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಇನ್ನೂ ಬಂದಿಲ್ಲ. ನೆರೆಯ ಬಾಂಗ್ಲಾದೇಶ 2013ರಲ್ಲಿ ನಾಲ್ಕು ಬಿಟಿ ಬದನೆ ತಳಿಗಳಿಗೆ ಅನುಮತಿ ಕೊಟ್ಟು ಮುಂದಿನ ವರ್ಷ 20 ರೈತರಿಂದ ಆರಂಭಿಸಿತು. ಅಲ್ಲಿ ಕೀಟನಾಶಕದ ಬಳಕೆ ಇಳಿದಿದೆಯೆಂದು ಅಧ್ಯಯನಗಳು ಹೇಳುತ್ತವೆ. ಅಲ್ಲಿನ ಅನುಭವವನ್ನು ಇಲ್ಲಿನವರು ಒಪ್ಪಬೇಕಾಗಿಲ್ಲ, ಓದಲೇಬೇಕು. ಇತ್ತ 2019ರಲ್ಲಿ ಹರಿಯಾಣದ ಫತೇಹಾಬಾದಿನ ಹೊಲವೊಂದರಲ್ಲಿ ಅಕ್ರಮವಾಗಿ ಬೆಳೆದ ಬಿಟಿ ಬದನೆ ಪತ್ತೆಯಾಯಿತು. ಕಾನೂನಿನ ಮುಂಬಾಗಿಲು ಮುಚ್ಚಿದೆ; ಹಿತ್ತಿಲ ಬಾಗಿಲಿಗೆ ಕಾವಲಿಲ್ಲ. ಇದು ಎರಡೂ ಪಕ್ಷಗಳಿಗೆ ಸೋಲು.

ಉಣ್ಣುವವನ ತಿಳಿವಳಿಕೆಯ ಸ್ಥಿತಿಯೂ ಇಷ್ಟೇ. 2002ರಿಂದ ಈ ದೇಶದಲ್ಲಿ ಬಿಟಿ ಹತ್ತಿ ಬೆಳೆಯುತ್ತಿದೆ. ಹತ್ತಿಕಾಳಿನ ಎಣ್ಣೆ ಅಡುಗೆಮನೆಗಳನ್ನು ಸೇರುತ್ತಿದೆ. ಸಂಸ್ಕರಿಸಿದ ಎಣ್ಣೆಯಲ್ಲಿ ಪ್ರೋಟೀನಿನ ಅಂಶ ಉಳಿಯುವುದು ತೀರ ಅಲ್ಪ. ಹೀಗಾಗಿ ಭಯಕ್ಕೆ ಕಾರಣ ಕಡಿಮೆ. ಆದರೆ ತಿಳಿಯುವ ಹಕ್ಕು ಭಯವನ್ನು ಅವಲಂಬಿಸಿದ್ದಲ್ಲ. ಪೊಟ್ಟಣದ ಮೇಲೆ ಕುಲಾಂತರಿ ಎಂದು ನಮೂದಿಸಬೇಕೆಂಬ ನಿಯಮ 2013ರಿಂದಲೇ ಇದ್ದರೂ ಅಂಗಡಿಯ ಸಾಲಿನಲ್ಲಿ ಆ ಗುರುತು ಕಾಣುವುದು ಅಪರೂಪ. ಉಪವಾಸ, ವ್ರತ, ಆಹಾರನಿಯಮಗಳನ್ನು ಶತಮಾನಗಳಿಂದ ಪಾಲಿಸಿಕೊಂಡು ಬಂದ ಸಮಾಜದಲ್ಲಿ, ಯಾವುದು ಭಕ್ಷ್ಯ ಯಾವುದು ಅಲ್ಲ ಎಂದು ನಿರ್ಧರಿಸುವ ಅಧಿಕಾರ ಉಣ್ಣುವವನದು. ವಸ್ತು ಏನೆಂದು ತಿಳಿಸದೆ ಆ ಅಧಿಕಾರವನ್ನು ಕಸಿದುಕೊಳ್ಳುವುದು ಸಣ್ಣ ಅನ್ಯಾಯವಲ್ಲ.

2024ರ ಜುಲೈಯಲ್ಲಿ ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ರಾಷ್ಟ್ರೀಯ ನೀತಿಯೊಂದು ಬೇಕೆಂಬುದರಲ್ಲಿ ಇಬ್ಬರೂ ಒಂದಾದರು. 2025ರ ಮೇ ತಿಂಗಳಲ್ಲಿ ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳು ಪ್ರಕಟವಾದವು. ಇವುಗಳಲ್ಲಿ ಬೇರೆ ಜೀವಿಯ ವಂಶವಾಹಿ ಉಳಿದಿಲ್ಲವೆಂಬ ಕಾರಣಕ್ಕೆ ಹಳೆಯ ಕಟ್ಟುಪಾಡುಗಳಿಂದ ವಿನಾಯಿತಿ ದೊರೆತಿದೆ. ವಿನಾಯಿತಿಗೆ ವೈಜ್ಞಾನಿಕ ಆಧಾರ ಇರಬಹುದು. ಆದರೆ ಬದನೆಯ ಪಾಠವನ್ನು ಕಲಿಯದೆ ಅನ್ನದ ಪಾತ್ರೆಗೆ ಹೋದರೆ ಅವಿಶ್ವಾಸ ಹಾಗೆಯೇ ಮರುಕಳಿಸುತ್ತದೆ.

ಆಗಬೇಕಾದುದು ಕಷ್ಟಸಾಧ್ಯವಲ್ಲ. ಪರೀಕ್ಷೆಯ ಖರ್ಚನ್ನು ಸಂಸ್ಥೆ ಭರಿಸಲಿ, ಪರೀಕ್ಷೆಯನ್ನು ಅದರ ಹಂಗಿಲ್ಲದ ಪ್ರಯೋಗಾಲಯ ನಡೆಸಲಿ. ದತ್ತಾಂಶವು ನ್ಯಾಯಾಲಯದ ಬಾಗಿಲು ತಟ್ಟುವ ಮೊದಲೇ ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ ಪ್ರಕಟವಾಗಲಿ. ಪೊಟ್ಟಣದ ಗುರುತು ಕಾಗದದ ನಿಯಮವಾಗಿ ಉಳಿಯದಿರಲಿ. ಊರೂರಿನ ತಳಿಗಳ ದಾಖಲೆ ಪೂರ್ಣವಾಗಲಿ. ಇಲ್ಲಿ ಸಾಹಿತ್ಯದ ಸಂಶೋಧಕರಿಗೂ ಕೆಲಸವಿದೆ. ಸೂಪಶಾಸ್ತ್ರ, ವೃಕ್ಷಾಯುರ್ವೇದ, ಶಾಸನ, ಐತಿಹ್ಯಗಳಲ್ಲಿ ಚದುರಿರುವ ತಳಿಗಳ ಹೆಸರುಗಳನ್ನು ಒಟ್ಟುಗೂಡಿಸಿದರೆ ಅದು ಪದಕೋಶಕ್ಕೆ ಮಾತ್ರ ಸಲ್ಲುವ ಸಂಪತ್ತಲ್ಲ. ಯಾವ ಬೀಜ ಯಾರದೆಂಬ ವ್ಯಾಜ್ಯ ಎದ್ದಾಗ ಆ ಹೆಸರುಗಳೇ ರೈತನ ಪರ ನಿಲ್ಲುವ ಸಾಕ್ಷಿಗಳಾಗಬಲ್ಲವು.