ಅಂಕಿಯ ತಕ್ಕಡಿ

ಮುಂಬಯಿ ಬಲಿಷ್ಠವೋ, ಕರ್ನಾಟಕವೋ? ವಸತಿಗೃಹದ ಈ ವಾದದಲ್ಲಿ ಮಿತ್ರರು ರಣಜಿ ಪ್ರಶಸ್ತಿಗಳನ್ನು ಎಣಿಸುತ್ತಾರೆ: ಮುಂಬಯಿಗೆ 42, ನಮಗೆ 8. ಅಲ್ಲಿಗೆ ವಾದ ಮುಗಿಯಿತೆನ್ನುವುದು ಸರಿಯಲ್ಲ. ಆ 42ರಲ್ಲಿ 15 ಪ್ರಶಸ್ತಿಗಳು 1958-59ರಿಂದ 1972-73ರವರೆಗೆ ಸತತವಾಗಿ ಬಂದವು. 1974ರಲ್ಲಿ ಆ ಸರಪಳಿಯನ್ನು ಕಡಿದವರು ಪ್ರಸನ್ನರ ನಾಯಕತ್ವದ ನಮ್ಮವರೇ. 2013-14ರಿಂದ 2023-24ರವರೆಗೆ ಎಣಿಸಿದರೆ ಇಬ್ಬರಿಗೂ ಎರಡೆರಡೇ. ಅಜ್ಜನ ಗಳಿಕೆಯನ್ನು ಮೊಮ್ಮಗನ ತೋಳ್ಬಲವೆನ್ನಬಹುದೆ?

ಇನ್ನು ನಮ್ಮ ಬಲ ಬಂದುದೆಲ್ಲಿಂದ? 1995-96ರ ರಣಜಿಯಲ್ಲಿ 500ಕ್ಕೂ ಮಿಕ್ಕಿ ರನ್, 50ಕ್ಕೂ ಮಿಕ್ಕಿ ವಿಕೆಟ್ ಗಳಿಸಿದ ಸುನೀಲ್ ಜೋಶಿಯವರು ಗದಗಿನಿಂದ ಹುಬ್ಬಳ್ಳಿಗೆ ಬೆಳಗ್ಗೆ ಬಂದು ಅಭ್ಯಾಸ ಮಾಡಿದವರು. ನಮ್ಮ ಶಿರಗುಪ್ಪಿಯ ಹುಡುಗರು ಸುಗ್ಗಿ ಮುಗಿದ ಹೊಲದಲ್ಲಿ ಆಡುತ್ತಾರೆ. ಅವರ ರನ್ ಬರೆದಿಡುವವರಿಲ್ಲ. ದಾಖಲೆಯಲ್ಲಿಲ್ಲದ್ದು ಬಲವೇ ಅಲ್ಲವೆಂದರೆ ನಾನು ಒಪ್ಪಲಾರೆ.